ಮದ್ದಿನ ಚನಿಯ ಕೂಗಿದ ಮನೆಗಳು

ದುಬೈಯಲ್ಲಿ ಚನಿಯನಿಗೆ ತೆರೆಯದ ಬಾಗಿಲು ಇರಲಿಲ್ಲ. ಅವನೇನು ಹಣವಂತನಲ್ಲ, ಅಧಿಕಾರಿಯಲ್ಲ, ಮಾತಿನಲ್ಲಿ ಮರುಳು ಮಾಡುವ ಜಾಣನಂತೂ ಅಲ್ಲವೇ ಅಲ್ಲ. ಅವನು ಜಿರಳೆಗೆ ಮದ್ದು ಹೊಡೆಯುವವನು. ಬಲದಿಯಾ, ಅಂದರೆ ಊರಿನ ನಗರಸಭೆ, ಹಳೆಯ ಮನೆಗಳಿಗೆ ವರ್ಷಕ್ಕೆ ಮೂರು ನಾಲ್ಕು ಸಲ ಮದ್ದು ಹೊಡೆಸುತ್ತಿತ್ತು. ಆ ಗುತ್ತಿಗೆ ಹಿಡಿದಿದ್ದ ಒಂದು ಕಂಪೆನಿಯಲ್ಲಿ ಚನಿಯ ಹದಿಮೂರು ವರ್ಷದಿಂದ ಕೆಲಸ ಮಾಡುತ್ತಿದ್ದ. ಬೆನ್ನಿಗೆ ಮದ್ದಿನ ಡಬ್ಬ, ಕೈಯಲ್ಲಿ ಕೊಳವೆ, ಕುತ್ತಿಗೆಯಲ್ಲಿ ಇಳಿಬಿದ್ದ ಮುಖಗವಸು. ಗೇಟಿನ ಬಳಿ ನಿಂತು "ಮದ್ದೂ" ಎಂದು ಉದ್ದಕ್ಕೆ ಎಳೆದು ಒಂದು ಕೂಗು ಹಾಕುತ್ತಿದ್ದ. ಕನ್ನಡದವರಿಗೆ ಅದು ಮದ್ದು, ತುಳುವರಿಗೆ ಮರ್ದ್, ಮಲಯಾಳಿಗಳಿಗೆ ಮರುನ್ನು. ಪಠಾಣರಿಗೆ ಏನೆಂದು ತಿಳಿಯುತ್ತಿತ್ತೋ ದೇವರೇ ಬಲ್ಲ. ಅವರೂ ಹೊರಗೆ ಬರುತ್ತಿದ್ದರು.

ಬರಲೇಬೇಕಿತ್ತು. ಮದ್ದು ಹೊಡೆಯುವ ದಿನ ಮನೆಯೊಳಗೆ ಒಂದು ನರಪಿಳ್ಳೆಯೂ ಇರಕೂಡದು. ಅಕ್ಕಿ, ಹಿಟ್ಟು, ಮಸಾಲೆ ಪುಡಿ, ಉಪ್ಪಿನಕಾಯಿ ಭರಣಿ, ಮಕ್ಕಳ ಹಾಲಿನ ಡಬ್ಬಿ, ಬಾಯಿಗೆ ಹೋಗುವ ವಸ್ತುವೆಲ್ಲ ಅಂಗಳಕ್ಕೆ ಬರಬೇಕು. ಚನಿಯ ಒಬ್ಬನೇ ಒಳಗೆ ಹೋಗಿ ಅಡುಗೆಮನೆಯ ಮೂಲೆ, ಫ್ರಿಜ್ಜಿನ ಹಿಂಬದಿ, ತೊಟ್ಟಿಯ ಕೆಳಗೆಲ್ಲ ಹೊಡೆದು ಬಾಗಿಲು ಎಳೆದುಕೊಂಡು ಬರುತ್ತಿದ್ದ. ಆಮೇಲೆ ಎರಡು ಗಂಟೆ ಯಾರೂ ಒಳಗೆ ಕಾಲಿಡುವಂತಿಲ್ಲ. ಆ ಎರಡು ಗಂಟೆ ಅಂಗಳದಲ್ಲಿ ಬೇವಿನ ಮರದ ನೆರಳಿಗೆ ಎಲ್ಲರೂ ಡಬ್ಬಿಗಳ ನಡುವೆ ಕುಕ್ಕರಗಾಲಲ್ಲಿ ಕುಳಿತು ಹರಟುತ್ತಿದ್ದರು. ಒಂದೇ ಮನೆಯಲ್ಲಿ ಹಲಗೆಯ ಅಡ್ಡಗೋಡೆ ಹಾಕಿಕೊಂಡು ವರ್ಷಗಟ್ಟಲೆ ಇದ್ದವರು ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡುತ್ತಿದ್ದದ್ದು ಆ ದಿನ. ಚನಿಯನೂ ಅವರ ನಡುವೆ ಕೂರುತ್ತಿದ್ದ. ಯಾರದೋ ಡಬ್ಬಿಯಿಂದ ಚಕ್ಕುಲಿ, ಯಾರದೋ ಫ್ಲಾಸ್ಕಿನಿಂದ ಚಾ. ಅವನ ಜೀವಮಾನದ ಸುಖವನ್ನೆಲ್ಲ ಒಟ್ಟು ಮಾಡಿದರೆ ಹೆಚ್ಚಿನ ಪಾಲು ಈ ಎರಡೆರಡು ಗಂಟೆಗಳದ್ದೇ.

ವಿಟ್ಲದ ಬಳಿಯ ಅವನ ಊರಿನಲ್ಲಿ ಸಂಗತಿ ಬೇರೆಯೇ ಇತ್ತು. ಇಪ್ಪತ್ತರ ಪ್ರಾಯದಲ್ಲಿ ಅವನು ಮಲೇರಿಯಾ ಇಲಾಖೆಯಲ್ಲಿ ದಿನಗೂಲಿಗೆ ಡಿಡಿಟಿ ಹೊಡೆಯುತ್ತಿದ್ದ. ಆದರೆ ಅವನ ಜಾತಿಯವರಿಗೆ ಅಂಗಳವೇ ಗಡಿ. ಹೊರಗೋಡೆ, ದನದ ಹಟ್ಟಿ, ಬಚ್ಚಲಿನ ಹಿಂಬದಿ ಅವನ ಪಾಲಿಗೆ. ಒಳಕೋಣೆಗಳಿಗೆ ಮೇಲು ಜಾತಿಯ ಇನ್ನೊಬ್ಬ ಬಂದು ಹೊಡೆಯಬೇಕು. ಆ ಇನ್ನೊಬ್ಬನಿಗೆ ಬರಲು ಪುರುಸೊತ್ತಾಗದ ದಿನ ಒಳಕೋಣೆಗೆ ಮದ್ದೇ ಇಲ್ಲ. ಸೊಳ್ಳೆಗಳಿಗೆ ಈ ಕಟ್ಟಳೆ ಗೊತ್ತಿರಲಿಲ್ಲ, ಅವು ಎಲ್ಲರನ್ನೂ ಒಂದೇ ಸಮ ಕಚ್ಚುತ್ತಿದ್ದವು. ಎಂಬತ್ತೊಂಬತ್ತರಲ್ಲಿ ಮಂಗಳೂರಿನ ಏಜೆಂಟನೊಬ್ಬ ಮದ್ದು ಹೊಡೆಯಲು ಗೊತ್ತಿರುವವರು ಬೇಕೆಂದು ಹುಡುಕಿಕೊಂಡು ಬಂದ. ಚನಿಯ ದುಬೈಗೆ ಬಂದ. ಮೊದಲ ದಿನ ಮೊದಲ ಮನೆಯಲ್ಲಿ ಅವನು ಹೊಸ್ತಿಲ ಹೊರಗೇ ನಿಂತುಬಿಟ್ಟಿದ್ದ. ಮನೆಯ ಹೆಂಗಸು ಕಾದು ಕಾದು ಬೇಸತ್ತು, ಜಿರಳೆ ಇರುವುದು ಅಡುಗೆಮನೆಯಲ್ಲಿ, ರಸ್ತೆಯಲ್ಲಿ ಅಲ್ಲ ಎಂದು ಬೈದು ಒಳಗೆ ಕರೆದಳು. ಅಷ್ಟು ಚಂದದ ಬೈಗುಳವನ್ನು ಚನಿಯ ಅದಕ್ಕೆ ಮೊದಲು ಕೇಳಿರಲಿಲ್ಲ.

ಹೀಗೆ ಹದಿಮೂರು ವರ್ಷ ಕಳೆಯಿತು. ಊರಿನಲ್ಲಿ ತಾಯಿ ತೀರಿಕೊಂಡಳು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಹಾಗೇ ಹೋಯಿತು. ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಲ್ಲಿ ಎಂಟು ಮಂದಿಯ ಕೋಣೆಯಲ್ಲಿ ಅವನದೊಂದು ಮಂಚ. ಪಕ್ಕದ ಮಂಚ ಸುಳ್ಯದ ಗಾರೆ ಕೆಲಸದ ಸೇಸಪ್ಪನದು. ಇಬ್ಬರೂ ಸೇರಿ ಅಡುಗೆ ಮಾಡುತ್ತಿದ್ದರು: ಒಂದು ದಿನ ಇವನ ಸರದಿ, ಒಂದು ದಿನ ಅವನ ಸರದಿ.

ಚನಿಯ ಹೋಗುತ್ತಿದ್ದ ಮನೆಗಳಲ್ಲಿ ಅರೆವಾಸಿ ಜನರ ಬಳಿ ಸರಿಯಾದ ಕಾಗದ ಇರಲಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ವೀಸಾ ಮುಗಿದೂ ಉಳಿದವರು, ಧಣಿಯ ಮನೆ ಬಿಟ್ಟು ಬಂದವರು. ಇಂಥವರನ್ನು ಗಲ್ಫಿನ ನಮ್ಮವರು ಖಲ್ಲಿವಲ್ಲಿ ಎನ್ನುತ್ತಾರೆ. ಅರಬ್ಬಿಯಲ್ಲಿ ಅದರ ಅರ್ಥ ಹೋಗಲಿ ಬಿಡು ಎಂದು. ಯಾರೂ ಇವರನ್ನು ಬಿಟ್ಟದ್ದೂ ಇಲ್ಲ, ಇವರು ಹೋದದ್ದೂ ಇಲ್ಲ, ಆದರೂ ಹೆಸರು ಮಾತ್ರ ಹಾಗೆ. ಇವರನ್ನು ಹಿಡಿಯುವುದು ಜವಾಜಾತ್‌ನವರ ಕೆಲಸ, ಅಂದರೆ ವೀಸಾ ಪಾಸ್‌ಪೋರ್ಟು ನೋಡುವ ಇಲಾಖೆಯವರದು. ಅದು ಇಡೀ ದೇಶದ ಸರಕಾರಕ್ಕೆ ಸೇರಿದ್ದು. ಬಲದಿಯಾ ಊರಿನದು. ಕಸ, ನೀರು, ಜಿರಳೆ ನೋಡುವವರು ಪಾಸ್‌ಪೋರ್ಟು ಕೇಳುವುದಿಲ್ಲ, ಪಾಸ್‌ಪೋರ್ಟು ಕೇಳುವವರಿಗೆ ಜಿರಳೆಯ ಗೊಡವೆ ಇಲ್ಲ. ಜನ ಇದನ್ನು ನಂಬಿಕೊಂಡೇ ಬಾಗಿಲು ತೆರೆಯುತ್ತಿದ್ದರು.

ಕಾಗದ ಇಲ್ಲದವರಲ್ಲಿ ಜಲಜಾಕ್ಷಿಯೂ ಒಬ್ಬಳು. ಪಡುಬಿದ್ರಿಯ ಕಡೆಯವಳು, ನಲವತ್ತು ದಾಟಿದವಳು, ಗಂಡ ಇಲ್ಲ. ಮಗಳು ದೀಪ್ತಿ ಊರಿನಲ್ಲಿ ಅಜ್ಜಿಯ ಜೊತೆಗಿದ್ದು ನರ್ಸಿಂಗ್ ಓದುತ್ತಿದ್ದಳು. ಜಲಜಾಕ್ಷಿ ಒಬ್ಬ ಅರಬ್ ಮುದುಕಿಯನ್ನು ನೋಡಿಕೊಳ್ಳುವ ವೀಸಾದಲ್ಲಿ ಬಂದಿದ್ದಳು. ಮುದುಕಿ ತೀರಿಹೋದಳು. ವೀಸಾ ಮುಗಿಯಿತು, ಪಾಸ್‌ಪೋರ್ಟು ಯಾವ ಪೆಟ್ಟಿಗೆಯಲ್ಲಿ ಉಳಿಯಿತೋ ತಿಳಿಯಲಿಲ್ಲ. ಆಗಿನಿಂದ ಐದು ವರ್ಷ ಅವಳು ಮಿರ್ದಿಫಿನ ಮೂರು ಮನೆಗಳಲ್ಲಿ ಅಡುಗೆ ಮಾಡಿಕೊಂಡು, ಅಲ್ಲೇ ಒಂದು ಹಳೆಯ ವಿಲ್ಲಾದ ಹಿಂದಿನ ಕೋಣೆಯಲ್ಲಿ ಇದ್ದಳು. ಆ ವಿಲ್ಲಾದಲ್ಲಿ ಇನ್ನೂ ಏಳೆಂಟು ಹೆಂಗಸರಿದ್ದರು.

ಅವಳು ಚನಿಯನನ್ನು ಚನಿಯಣ್ಣ ಎನ್ನುತ್ತಿದ್ದಳು. ಊರಿನಲ್ಲಿ ಅವನ ಕೇರಿಯ ಹೊರಗೆ ಯಾರೂ ಅವನನ್ನು ಅಣ್ಣ ಎಂದವರಲ್ಲ. ಮದ್ದಿನ ದಿನವಲ್ಲದಿದ್ದರೂ ತಿಂಗಳಿಗೊಂದು ಶುಕ್ರವಾರ ಅವನು ಅತ್ತ ಹೋಗಿ, ಅವಳ ಕೋಣೆಯ ಮೆಟ್ಟಿಲ ಮೇಲೆ ಕುಳಿತು ಚಾ ಕುಡಿದು ಬರುತ್ತಿದ್ದ. ಅವಳು ಕುಡಿಯುವ ಲೋಟ ಯಾವುದೋ ಅವನದೂ ಅದರ ಜೋಡಿಯೇ. ಪ್ರೀತಿಯೇ ಎಂದು ಕೇಳಿದರೆ ಚನಿಯ ಹೆದರಿ ಓಡಿಹೋಗುತ್ತಿದ್ದ. ಆದರೆ ತಿಂಗಳ ಉಳಿದ ಇಪ್ಪತ್ತೊಂಬತ್ತು ದಿನ ಅವನು ಆ ಶುಕ್ರವಾರಕ್ಕಾಗಿಯೇ ಬದುಕುತ್ತಿದ್ದ ಎಂಬುದನ್ನು ಮುಚ್ಚಿಟ್ಟು ಏನು ಪ್ರಯೋಜನ.

ಅವಳದು ಒಂದೇ ಆಸೆ. "ಸರಕಾರ ಕ್ಷಮಾದಾನ ಕೊಡ್ತದಂತೆ ಚನಿಯಣ್ಣ, ರಂಜಾನ್ ಮುಗಿದ ಮೇಲೆ. ತೊಂಬತ್ತಾರರಲ್ಲಿ ಕೊಟ್ಟಿದ್ದರಲ್ವಾ, ಹಾಗೆ. ದಂಡ ಇಲ್ಲ, ಜೈಲು ಇಲ್ಲ. ನಾನು ವಿಮಾನ ಹತ್ತುವುದು ಹತ್ತುವುದೇ. ಕೈಗೆ ಬೇಡಿ ಹಾಕಿಸಿಕೊಂಡು ಹೋದವಳ ಮಗಳು ಅಂತ ದೀಪ್ತಿಗೆ ಯಾರೂ ಹೇಳಬಾರದು, ನೋಡಿ."

ಅದು ಎರಡು ಸಾವಿರದ ಎರಡನೆಯ ಇಸವಿ. ಅಕ್ಟೋಬರಿನಲ್ಲಿ ದೊಡ್ಡ ಕಚೇರಿಗಳ ನಡುವೆ ಒಂದು ಪತ್ರ ಓಡಾಡಿತು: ಊರಿನ ಕೆಲಸದವರು ಜವಾಜಾತ್‌ನವರ ಜೊತೆ ಸಹಕರಿಸಬೇಕು. ಪತ್ರ ಇಳಿಯುತ್ತ ಇಳಿಯುತ್ತ ಚನಿಯನ ಕಂಪೆನಿಯ ಮೇಜಿಗೂ ಬಂತು. ಚನಿಯನಿಗೆ ಆ ಪತ್ರದ ವಿಷಯ ಯಾರೂ ಹೇಳಲಿಲ್ಲ. ಹೇಳುವಷ್ಟು ದೊಡ್ಡ ಮನುಷ್ಯ ಅವನೆಂದು ಯಾರಿಗೂ ಅನಿಸಿರಲಿಲ್ಲ. ಒಂದು ಬೆಳಿಗ್ಗೆ ವ್ಯಾನಿನಲ್ಲಿ ಅವನ ಹಿಂದೆ ನಾಲ್ಕು ಜನ ಹೊಸಬರು ಕುಳಿತರು. ಆರೋಗ್ಯ ವಿಭಾಗದವರಿರಬೇಕು ಎಂದುಕೊಂಡ. ಹೋದದ್ದು ಗಾರೆಯವರು, ಬಡಗಿಗಳು ಇರುವ ಒಂದು ಹಳೆಯ ಮನೆಗೆ. ಚನಿಯ ಎಂದಿನಂತೆ ಗೇಟಿನಲ್ಲಿ ನಿಂತು ಕೂಗಿದ. ಹದಿನೆಂಟು ಮಂದಿ ಅಕ್ಕಿ ಚೀಲ, ಬೇಳೆ ಡಬ್ಬಿ ಎತ್ತಿಕೊಂಡು ತಾವಾಗಿಯೇ ಅಂಗಳಕ್ಕೆ ಬಂದು ನಿಂತರು. ಹೊಸಬರು ಗೇಟು ಹಾಕಿ "ಬತಾಕಾ" ಎಂದರು. ಬತಾಕಾ ಎಂದರೆ ಗುರುತಿನ ಕಾರ್ಡು. ಹನ್ನೊಂದು ಮಂದಿಯ ಬಳಿ ಅದು ಇರಲಿಲ್ಲ.

ಒಬ್ಬನೂ ಓಡಲಿಲ್ಲ. ಕೈಯಲ್ಲಿ ಅಕ್ಕಿ ಹಿಡಿದುಕೊಂಡವನಿಗೆ ಓಡಬೇಕೆಂದು ಹೊಳೆಯುವುದಿಲ್ಲವೇನೋ. ಅವರು ಚನಿಯನ ಮುಖ ನೋಡಿದರು. ಚನಿಯ ತನ್ನ ಬೂಟು ನೋಡಿದ. ಹನ್ನೊಂದು ಮಂದಿ ಜವಾಜಾತ್‌ನವರು ತರಿಸಿದ ಬಸ್ಸು ಹತ್ತಿದ ಮೇಲೆ ಅವನು ಒಳಗೆ ಹೋಗಿ, ಮಾಡುವುದೇನೆಂದು ತಿಳಿಯದೆ, ಮದ್ದು ಹೊಡೆದು ಬಂದ.

ಹಿಡಿದವರಲ್ಲಿ ಸೇಸಪ್ಪನ ಹೆಂಡತಿಯ ತಮ್ಮನೂ ಇದ್ದ. ಸಂಜೆ ಚನಿಯ ಕೋಣೆಗೆ ಬಂದಾಗ ಒಲೆಯ ಮೇಲೆ ಒಬ್ಬನಿಗಾಗುವಷ್ಟೇ ಅನ್ನ ಬೇಯುತ್ತಿತ್ತು. ಆ ದಿನ ಸೇಸಪ್ಪನ ಸರದಿ.

"ನನಗೆ ಗೊತ್ತೇ ಇರಲಿಲ್ಲ ಸೇಸಪ್ಪ. ದೇವರಾಣೆ ಗೊತ್ತಿರಲಿಲ್ಲ" ಎಂದ ಚನಿಯ.

"ಗೊತ್ತಿರಲಿಲ್ಲ, ಸರಿ," ಎಂದ ಸೇಸಪ್ಪ, ಪಾತ್ರೆಯಿಂದ ಕಣ್ಣೆತ್ತದೆ. "ಗೊತ್ತಾದ ಮೇಲೆ ಎಂತ ಮಾಡಿದೆ? ನನ್ನ ಭಾವಮೈದ ನಿನ್ನ ಮುಖ ನೋಡಿದನಂತೆ. ನೀನು ನೆಲ ನೋಡಿದೆಯಂತೆ. ಇನ್ನು ನಿನ್ನ ಅಡುಗೆ ನೀನು ಮಾಡಿಕೋ ಮಾರಾಯ."

ಅಲ್ಲಿಗೆ ಮಾತು ಮುಗಿಯಿತು. ಸೇಸಪ್ಪ ಜಗಳವಾಡಲಿಲ್ಲ, ಹೊಡೆಯಲಿಲ್ಲ. ಒಂದೆರಡು ಏಟು ಕೊಟ್ಟಿದ್ದರೆ ಚನಿಯನಿಗೆ ಎಷ್ಟೋ ಹಗುರವಾಗುತ್ತಿತ್ತು. ಮರುದಿನದಿಂದ ಕೋಣೆಯ ಏಳು ಮಂದಿಯೂ ಅವನಿದ್ದಾಗ ಫೋನಿನಲ್ಲಿ ತಗ್ಗಿದ ದನಿಯಲ್ಲಿ ಮಾತಾಡತೊಡಗಿದರು.

ಅವನು ಮೇಲ್ವಿಚಾರಕ ಅಣ್ಣಾಸಾಹೇಬರ ಬಳಿ ಹೋದ. ಅವರು ಬೆಳಗಾವಿಯ ಕಡೆಯವರು, ಸಿಡುಕಿನ ಮನುಷ್ಯ, ಆದರೆ ಕೆಟ್ಟವರಲ್ಲ. ಚನಿಯ ತನ್ನನ್ನು ಪಾರ್ಕುಗಳ ಸೊಳ್ಳೆ ಕೆಲಸಕ್ಕೆ ಹಾಕಿರೆಂದು ಕೇಳಿಕೊಂಡ.

"ನೋಡಪಾ ಚನಿಯಾ," ಎಂದರು ಅಣ್ಣಾಸಾಹೇಬರು, "ಇದು ನಂದೂ ಅಲ್ಲ, ನಿಂದೂ ಅಲ್ಲ. ಮ್ಯಾಲಿಂದ ಬಂದದ. ನಿನ್ನ ದನಿ ಕೇಳಿದ್ರ ಮಂದಿ ತಾವ ಹೊರಗ ಬರ್ತಾರ, ಅದಕ್ಕ ನೀನ ಬೇಕಂತಾರ ಅವರು. ನಾ ಒಲ್ಲೆ ಅಂದ್ರ ನನ್ನ ವೀಸಾ, ನೀ ಒಲ್ಲೆ ಅಂದ್ರ ನಿನ್ನ ವೀಸಾ. ನಾಳಿಂದ ನಾವೂ ಖಲ್ಲಿವಲ್ಲಿ. ಆವಾಗ ನಮ್ಮನ್ನ ಹಿಡಿಯಾಕ ಯಾರ ಕೂಗ್ತಾರ?"

ಹೀಗೆ ಅವನು ಕೂಗುತ್ತಲೇ ಹೋದ. ಇನ್ನೂ ಎರಡು ಮನೆ, ಆಮೇಲೆ ಮತ್ತೊಂದು. ಸುದ್ದಿ ಹರಡಲು ಎಷ್ಟು ಹೊತ್ತು. ಮದ್ದಿನ ಚನಿಯ ಸಿಐಡಿ ಆಗಿದ್ದಾನೆ ಎಂದು ಕರಾಮಾದ ಹೋಟೆಲುಗಳಲ್ಲಿ ಮಾತಾಯಿತು. ಅವನಿಗೆ ಚಾ ಕೊಡುತ್ತಿದ್ದ ಹೆಂಗಸರು ದಾರಿಯಲ್ಲಿ ಕಂಡರೆ ಎದುರು ಬದಿಗೆ ದಾಟಿಕೊಂಡರು. ನಿಜವಾಗಿ ಮದ್ದು ಹೊಡೆಯಲೆಂದೇ ಹೋದ ದಿನವೂ ಬಾಗಿಲು ತೆರೆಯಲಿಲ್ಲ. ಅಡ್ಡಗೋಡೆಯ ಆಚೆ ಟಿವಿ ಸದ್ದು ಫಕ್ಕನೆ ನಿಲ್ಲುವುದು ಅವನಿಗೆ ಕೇಳಿಸುತ್ತಿತ್ತು. ಊರಿನಲ್ಲಿ ಅಂಗಳದಾಚೆ ನಿಂತಿದ್ದಾಗ ಅವನಿಗೆ ಸಿಟ್ಟಾದರೂ ಬರುತ್ತಿತ್ತು, ಏಕೆಂದರೆ ತಪ್ಪು ಅವನದಾಗಿರಲಿಲ್ಲ. ಇಲ್ಲಿ ಯಾರ ಮೇಲೆ ಸಿಟ್ಟಾಗುವುದು? ಒಂಟಿತನ ಎಂದರೆ ಏನೆಂದು ಅವನಿಗೆ ತಿಳಿಯಿತು. ಜನ ಇಲ್ಲದ ಕಡೆ ಅಲ್ಲ ಅದು ಇರುವುದು, ಎಂಟು ಮಂದಿಯ ಕೋಣೆಯಲ್ಲಿ ಒಬ್ಬನೇ ತನ್ನ ಅನ್ನ ಬೇಯಿಸಿಕೊಂಡು ಗೋಡೆಗೆ ಮುಖ ಮಾಡಿ ಉಣ್ಣುವಾಗ ಅದು ಪಕ್ಕದಲ್ಲೇ ಬಂದು ಕೂರುತ್ತದೆ.

ಒಂದು ಬಾಗಿಲು ಮಾತ್ರ ಇನ್ನೂ ತೆರೆದಿತ್ತು. ಜಲಜಾಕ್ಷಿ ಹಗಲೆಲ್ಲ ಮೂರು ಅಡುಗೆಮನೆಗಳಲ್ಲಿ ಬೇಯುವವಳು, ಪೇಟೆಗೆ ಹೋಗುವವಳಲ್ಲ. ಸುದ್ದಿ ಅವಳ ತನಕ ಬಂದಿರಲಿಲ್ಲ. ರಂಜಾನಿನ ಒಂದು ಶುಕ್ರವಾರ ಚನಿಯ ಅಲ್ಲಿಗೆ ಹೋದ. ಹೇಳಿಬಿಡಬೇಕೆಂದೇ ಹೋದ: ನನ್ನ ದನಿ ಕೇಳಿದರೂ ಬಾಗಿಲು ತೆಗೆಯಬೇಡಿ, ನನ್ನ ಹಿಂದೆ ಯಾರಿರುತ್ತಾರೋ ಗೊತ್ತಿಲ್ಲ. ಇಷ್ಟೇ ಮಾತು. ಬಸ್ಸಿನಲ್ಲಿ ಅದನ್ನೇ ಹತ್ತು ಸಲ ಬಾಯಿಪಾಠ ಮಾಡಿದ್ದ.

"ಬನ್ನಿ ಬನ್ನಿ ಚನಿಯಣ್ಣ," ಎಂದಳು ಅವಳು. "ನಿಮ್ಮನ್ನೇ ನೆನೆಸಿದ್ದೆ. ಎಂತ ಮಾರಾಯ್ರೆ, ಮದ್ದು ಹೊಡೆಯದೆ ಎಷ್ಟು ದಿನ ಆಯ್ತು? ಪುಂಡಿ ಮಾಡುವಾ ಅಂತ ಅಕ್ಕಿಹಿಟ್ಟಿನ ಡಬ್ಬಿ ತೆಗೆದರೆ ಅದರೊಳಗೆ ಜಿರಳೆಯ ಸಂಸಾರವೇ ಉಂಟು."

"ಬೇರೆ ಕೆಲಸ ಜಾಸ್ತಿ ಆಗಿದೆ ಜಲಜಕ್ಕ" ಎಂದ ಚನಿಯ.

"ಎಂತ ಬೇರೆ ಕೆಲಸ?"

ಅವನ ಬಾಯಿಯ ತುದಿಯವರೆಗೆ ಮಾತು ಬಂತು. ಅವಳು ಲೋಟಕ್ಕೆ ಚಾ ಬಗ್ಗಿಸುತ್ತಿದ್ದಳು. ಈಗ ಹೇಳಿದರೆ ಆ ಕೈ ಅಲ್ಲೇ ನಿಲ್ಲುತ್ತದೆ. ಅವಳು ಬೈಯಲಿಕ್ಕಿಲ್ಲ, ಸೇಸಪ್ಪನ ಹಾಗೆ ಕಣ್ಣೆತ್ತದೆ ಮಾತಾಡುತ್ತಾಳೆ. ಆಮೇಲೆ ಈ ಮೆಟ್ಟಿಲೂ ಇಲ್ಲ. ಇನ್ನೊಂದು ತಿಂಗಳು, ಅಷ್ಟರಲ್ಲಿ ಕ್ಷಮಾದಾನ ಬರುತ್ತದೆ, ಅವಳು ವಿಮಾನ ಹತ್ತುತ್ತಾಳೆ, ಹೇಳುವ ಅಗತ್ಯವೇ ಬೀಳುವುದಿಲ್ಲ. ಚನಿಯ ಹೀಗೆಲ್ಲ ಲೆಕ್ಕ ಹಾಕಿದ. ಹೆದರಿದವನ ಲೆಕ್ಕ ಯಾವಾಗಲೂ ಹೆದರಿಕೆಯ ಕಡೆಗೇ ಸರಿಹೋಗುತ್ತದೆ.

"ಸೊಳ್ಳೆಯದ್ದು" ಎಂದ.

ಅವಳು ಚಾ ಕೊಟ್ಟಳು. ಅವನು ಕುಡಿದ. ಎರಡನೆಯ ಲೋಟವನ್ನೂ ಕುಡಿದ.

ಈದ್ ಕಳೆದು ಹತ್ತು ದಿನಕ್ಕೆ, ಒಂದು ಬೆಳಿಗ್ಗೆ ಒಂಬತ್ತು ಗಂಟೆಗೆ, ವ್ಯಾನು ಮಿರ್ದಿಫ್ ಕಡೆಗೆ ತಿರುಗಿತು. ಮನೆಗಳ ಪಟ್ಟಿ ಅವನಿಗೆ ತೋರಿಸುತ್ತಿರಲಿಲ್ಲ. ಮೊಬೈಲುಗಳನ್ನು ಹೊರಡುವ ಮೊದಲೇ ಇಸಿದುಕೊಳ್ಳುತ್ತಿದ್ದರು. ವ್ಯಾನು ಆ ಓಣಿಗೆ ಹೊಕ್ಕಿತು, ಆ ಗೇಟಿನ ಮುಂದೆ ನಿಂತಿತು. ಜವಾಜಾತ್‌ನವರು ಗೋಡೆಗೆ ಒತ್ತಿ ನಿಂತುಕೊಂಡರು. ಅಣ್ಣಾಸಾಹೇಬರು ಚನಿಯನ ಪಕ್ಕದಲ್ಲಿ ನಿಂತರು.

ಈಗ ಕೂಗಬೇಕು. ಅಣ್ಣಾಸಾಹೇಬರಿಗೆ ಕನ್ನಡ ಬರುತ್ತದೆ, ಜವಾಜಾತ್‌ನವರಿಗೆ ಹಿಂದಿ ಬರುತ್ತದೆ. ಯಾರಿಗೂ ಬಾರದ್ದು ತುಳು ಒಂದೇ. ಆದರೆ ತುಳುವಿನಲ್ಲೂ ಎಲ್ಲ ಮಾತೂ ಬೆಳಗಾವಿಯವರಿಂದ ಅಡಗುವುದಿಲ್ಲ. ಹೊರಗೆ ಬರಬೇಡಿ ಎನ್ನಲು ತುಳುವಿನಲ್ಲಿ ಬರೊಡ್ಚಿ ಎನ್ನಬೇಕು. ಬರಬೇಡಿ, ಬರೊಡ್ಚಿ, ಕಿವಿ ಇದ್ದವನಿಗೆ ಅದು ಥಟ್ಟನೆ ತಿಳಿದುಹೋಗುತ್ತದೆ. ಇಲ್ಲ ಎನ್ನಲು ತುಳುವಿನಲ್ಲಿ ಇಜ್ಜಿ. ಅದಕ್ಕೂ ಕನ್ನಡಕ್ಕೂ ಸಂಬಂಧವಿಲ್ಲ, ಅದು ತಿಳಿಯಲಾರದು. ಅರೆಗಳಿಗೆಯಲ್ಲಿ ಚನಿಯ ಇಷ್ಟನ್ನೂ ಯೋಚಿಸಿದ. ತನ್ನ ಜೀವಮಾನದಲ್ಲಿ ಅಷ್ಟು ಬುದ್ಧಿ ಅವನು ಇನ್ನೆಂದೂ ಖರ್ಚು ಮಾಡಿರಲಿಲ್ಲ.

"ಇನಿ ಮರ್ದ್ ಇಜ್ಜೀ" ಎಂದು ಕೂಗಿದ. ಇವತ್ತು ಮದ್ದು ಇಲ್ಲ.

ಮದ್ದಿಲ್ಲ ಎಂದ ಮೇಲೆ ಯಾಕೆ ಹೊರಗೆ ಬರಬೇಕು? ಒಳಗೇ ಇರುತ್ತಾರೆ, ಬಾಗಿಲು ತೆರೆಯುವುದಿಲ್ಲ, ಏನೋ ಹೆಚ್ಚುಕಡಿಮೆ ಆಗಿದೆ ಎಂದು ತಿಳಿದುಕೊಳ್ಳುತ್ತಾರೆ. ಚನಿಯನ ಎಣಿಕೆ ಇದು. ಅವನು ಮತ್ತೊಮ್ಮೆ ಕೂಗಿದ, ಇನ್ನೂ ಗಟ್ಟಿಯಾಗಿ.

"ಏನಂದಿ?" ಎಂದರು ಅಣ್ಣಾಸಾಹೇಬರು ಮೆಲ್ಲಗೆ.

"ಡಬ್ಬಿ ಎಲ್ಲ ಹೊರಗೆ ತನ್ನಿ ಅಂದೆ ಸರ್."

ಹಿಂದಿನ ಕೋಣೆಯ ಬಾಗಿಲು ಧಡಾರೆಂದು ತೆರೆಯಿತು. ಜಲಜಾಕ್ಷಿ ಸೊಂಟದ ಮೇಲೆ ಹಿಟ್ಟಿನ ಡಬ್ಬಿ ಇಟ್ಟುಕೊಂಡು ಸರಸರನೆ ಬಂದಳು. ಅಡುಗೆಗೆ ಹೋಗಲು ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು.

"ದಾಯೆ ಇಜ್ಜಿ? ಯಾಕೆ ಇಲ್ಲ?" ಎಂದಳು ಗೇಟಿನ ಚಿಲಕ ತೆಗೆಯುತ್ತ. "ಎರಡು ತಿಂಗಳಿಂದ ಕಾಯ್ತಾ ಇದ್ದೇನೆ. ಬಾಗಿಲ ತನಕ ಬಂದು ಇಲ್ಲ ಅಂತ ಕೂಗ್ಲಿಕ್ಕೆ ನಿಮಗೆ ಸಂಬಳ ಕೊಡುದಾ? ಈ ಹಿಟ್ಟು ನೋಡಿ. ನೋಡಿ ಒಮ್ಮೆ. ಇವತ್ತು ಹೊಡೆಯದೆ ನಾನು ನಿಮ್ಮನ್ನು ಬಿಡುವುದಿಲ್ಲ..."

ಗೇಟು ತೆರೆಯಿತು. ಜವಾಜಾತ್‌ನವರು ಅವಳನ್ನು ದಾಟಿಕೊಂಡು ಒಳಗೆ ನುಗ್ಗಿದರು. 

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ಅವರನ್ನು ನೋಡಿದಳು, ಆಮೇಲೆ ಚನಿಯನ ಬೆನ್ನಿನ ಡಬ್ಬವನ್ನು, ಕೊನೆಗೆ ಅವನ ಮುಖವನ್ನು. ಈ ಸಲ ಚನಿಯ ಬೂಟು ನೋಡಲಿಲ್ಲ. ನೋಡಬೇಕೆಂದರೂ ಅವನ ಕತ್ತು ಬಗ್ಗಲಿಲ್ಲ. ಒಳಗಿನಿಂದ ಇನ್ನಿಬ್ಬರು ಹೆಂಗಸರನ್ನು ಕರೆತಂದರು, ಉಳಿದವರು ಆಗಲೇ ಕೆಲಸಕ್ಕೆ ಹೋಗಿದ್ದರು. ಅಧಿಕಾರಿ ಕಾರ್ಡು ಕೇಳಿದ. ಜಲಜಾಕ್ಷಿ ಡಬ್ಬಿಯನ್ನು ಮೆಲ್ಲಗೆ ನೆಲದ ಮೇಲೆ ಇಟ್ಟು ಇಲ್ಲವೆಂದು ತಲೆಯಾಡಿಸಿದಳು.

ಅಧಿಕಾರಿ ಚನಿಯನ ಕಡೆ ತಿರುಗಿದ. ಇಷ್ಟು ಸಲಿಗೆಯಿಂದ ಈ ಹೆಂಗಸು ಇವನನ್ನು ಬೈದದ್ದು ಅವನಿಗೆ ವಿಚಿತ್ರವಾಗಿ ಕಂಡಿರಬೇಕು. "ಇವಳು ನಿನಗೆ ಗೊತ್ತಾ?" ಎಂದು ಹಿಂದಿಯಲ್ಲಿ ಕೇಳಿದ.

ಗೊತ್ತು ಎಂದರೆ, ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಗೊತ್ತಿಲ್ಲ ಎನ್ನಲು ಚನಿಯನಿಗೆ ನಾಲಿಗೆ ಏಳಲಿಲ್ಲ. ಆಗ ಜಲಜಾಕ್ಷಿಯೇ ಉತ್ತರ ಕೊಟ್ಟಳು.

"ನಹೀ ಸಾಬ್. ಇವನು ಯಾರೋ ನನಗೆ ಗೊತ್ತಿಲ್ಲ. ಬಲದಿಯಾದವನು, ಅಷ್ಟೇ."

ಅಧಿಕಾರಿ ತಲೆಯಾಡಿಸಿ ಮುಂದೆ ಹೋದ. ಬಸ್ಸು ಹತ್ತುವಾಗ ಅವಳು ಹಿಂತಿರುಗಿ ನೋಡಲಿಲ್ಲ. ನೋಡಿದ್ದರೆ ಆಡಿದ ಸುಳ್ಳು ಸುಳ್ಳೆಂದು ತಿಳಿದುಬಿಡುತ್ತಿತ್ತು. ತನ್ನನ್ನು ಉಳಿಸಲಿಕ್ಕಾಗಿಯೇ ಅವಳು ನೋಡದೆ ಹೋದಳೆಂದು ಚನಿಯ ಅಂದುಕೊಂಡ. ಆ ನಂಬಿಕೆಯೊಂದನ್ನು ಅವನು ಬಹಳ ದಿನ ಹಿಡಿದುಕೊಂಡಿದ್ದ.

ವ್ಯಾನಿನಲ್ಲಿ ವಾಪಸು ಬರುವಾಗ ಇಬ್ಬರೇ ಇದ್ದರು. ಅಣ್ಣಾಸಾಹೇಬರು ಸ್ಟೇರಿಂಗ್ ಹಿಡಿದುಕೊಂಡು, ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು: "ಇಜ್ಜಿ ಅಂದ್ರ ಇಲ್ಲ ಅಂತ ಹೌದಿಲ್ಲೋ?"

ಚನಿಯ ಕಿಟಕಿಯ ಕಡೆ ತಿರುಗಿದ.

"ಹದಿನೈದ ವರ್ಷ ಆತಪಾ ನಿಮ್ಮ ಮಂದಿ ಜೋಡಿ ಕೆಲಸಾ ಮಾಡಾಕತ್ತಿ. ಅಷ್ಟೂ ತಿಳಿಯೂದಿಲ್ಲೇನು ನನಗ?" ಅವರ ದನಿ ಸಿಡುಕಿನದೇ, ಆದರೆ ಸಿಟ್ಟು ಇರಲಿಲ್ಲ. "ಹುಚ್ಚಪ್ಪ. ಬರಬ್ಯಾಡ್ರಿ ಅಂತ ಅಚ್ಚ ಕನ್ನಡದಾಗ ಒದರಬೇಕಿತ್ತು ನೀನು. ನಾ ಕೇಳೇ ಇಲ್ಲ ಅಂತ ನಿಂತಬಿಡತಿದ್ದೆ."

ಚನಿಯ ಕಿಟಕಿಗೆ ಹಣೆ ಒತ್ತಿ ಅಳತೊಡಗಿದ. ತಾಯಿ ಸತ್ತ ಸುದ್ದಿ ಬಂದ ದಿನವೂ ಅವನು ಹಾಗೆ ಅತ್ತಿರಲಿಲ್ಲ.

ಹೊಸ ವರ್ಷ ಹುಟ್ಟುತ್ತಲೇ ಕ್ಷಮಾದಾನ ಬಂತು. ಕಾಗದ ಇಲ್ಲದವರು ದಂಡವಿಲ್ಲದೆ ಊರಿಗೆ ಹೋಗಬಹುದು, ಹೊರಗೆ ಬನ್ನಿ ಎಂದು ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಮೊದಲೇ ಸಿಕ್ಕಿಬಿದ್ದವರಿಗೆ ಮಾತ್ರ ಅದು ಇಲ್ಲ. ಎರಡೇ ವಾರ ಹಿಂದೆ ಸಿಕ್ಕಿಬಿದ್ದವಳಿಗೂ ಇಲ್ಲ. ಪತ್ರಿಕೆ ಓದದ ಜನರಿಗೆ ಸುದ್ದಿ ಮುಟ್ಟಿಸಬೇಕಲ್ಲ. ಅದಕ್ಕೆ ಚನಿಯನಿಗೇ ಹೇಳಿದರು, ಅವನ ದನಿ ಎಲ್ಲರಿಗೂ ಪರಿಚಿತ ಎಂದು. ಅದರಲ್ಲಿ ನಗುವಂಥದ್ದೇನಿದೆಯೆಂದು ಹೇಳಿದವರಿಗೆ ಹೊಳೆಯಲೇ ಇಲ್ಲ. ಅವನು ಹದಿನೈದು ದಿನ ಗೇಟುಗಳ ಮುಂದೆ ನಿಂತು ತುಳು, ಕನ್ನಡ, ಹಿಂದಿ, ಮಲಯಾಳದಲ್ಲಿ ಕೂಗಿದ: ಕ್ಷಮಾದಾನ ಬಂದಿದೆ, ಹೆದರಬೇಡಿ, ಈ ಸಲ ನಿಜ. ಕೂಗಿದಷ್ಟೂ ಒಳಗೆ ಮೌನ ಗಟ್ಟಿಯಾಗುತ್ತಿತ್ತು. ಅವನು ಕೂಗಿದ ಮನೆಗಳಿಂದ ಒಬ್ಬರೂ ಹೊರಗೆ ಬರಲಿಲ್ಲ.

ಜನವರಿಯ ಕೊನೆಯ ಶುಕ್ರವಾರ ಚನಿಯ ಊರ ಹೊರಗಿನ ಜೈಲಿಗೆ ಹೋದ. ಅವಳನ್ನು ಇನ್ನೂ ಕಳಿಸಿಲ್ಲ, ಟಿಕೆಟ್ ಆಗುವವರೆಗೆ ಅಲ್ಲೇ ಇರುತ್ತಾಳೆ ಎಂದು ಹೇಗೋ ವಿಚಾರಿಸಿಕೊಂಡಿದ್ದ. ಚಳಿಗಾಲ, ಮರಳುಗಾಡಿನ ಕಡೆ ಗಾಳಿ ಕೊರೆಯುತ್ತದೆ. ಒಂದು ಉಣ್ಣೆಯ ಸ್ವೆಟರ್ ಕೊಂಡು, ಕಂದು ಕಾಗದದಲ್ಲಿ ಸುತ್ತಿ, ಮೇಲೆ ಅವಳ ಹೆಸರು ಬರೆದು, ಕೆಳಗೆ ಚೀಟಿ ಅಂಟಿಸಿ ತನ್ನ ಹೆಸರನ್ನೂ ಬರೆದಿದ್ದ. ಏನು ಹೇಳಬೇಕೆಂದು ಈ ಸಲ ಬಾಯಿಪಾಠ ಮಾಡಿರಲಿಲ್ಲ. ಆ ಶುಕ್ರವಾರ ಚಾ ಕುಡಿಯುವಾಗ ಹೇಳಬೇಕಿತ್ತು, ಹೇಳಲಿಲ್ಲ. ಅಷ್ಟನ್ನು ಒಪ್ಪಿಕೊಳ್ಳುವುದು, ಅವಳು ಬೈದರೆ ಬೈಸಿಕೊಳ್ಳುವುದು, ಅಷ್ಟೇ ಅವನಿಗೆ ಬೇಕಿದ್ದದ್ದು.

ಗಾಜಿನ ಕಿಟಕಿಯ ಹಿಂದಿದ್ದ ಕಾವಲಿನವನು ವಯಸ್ಸಾದವನು, ಬಲೂಚಿ. ಫಾರಂ ತುಂಬಿಸುತ್ತ ಅವಳು ನಿನಗೇನಾಗಬೇಕು ಎಂದು ಕೇಳಿದ. ಚನಿಯ ತಡವರಿಸಿ "ಊರಿನವನು" ಎಂದ. ವಿಟ್ಲಕ್ಕೂ ಪಡುಬಿದ್ರಿಗೂ ಎಷ್ಟು ದೂರವೆಂದು ಬಲೂಚಿಗೆ ಹೇಗೆ ಗೊತ್ತಾಗಬೇಕು. ಅವನು ಬರೆದುಕೊಂಡು ಒಳಗೆ ಹೇಳಿ ಕಳಿಸಿದ.

ಅರ್ಧ ಗಂಟೆಯಾಯಿತು. ಚನಿಯನ ಜೊತೆ ಸಾಲಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಒಳಗೆ ಹೋದರು. ಕೊನೆಗೆ ಕಾವಲಿನವನು ಅವನನ್ನು ಕಿಟಕಿಗೆ ಕರೆದ.

"ಚನಿಯ ಎಂಬವರು ಯಾರೂ ಗೊತ್ತಿಲ್ಲ ಅನ್ನುತ್ತಾಳೆ."

"ಇನ್ನೊಮ್ಮೆ ಕೇಳಿ ಭಾಯ್. ಸರಿಯಾಗಿ ಕೇಳಿಸಿರಲಿಕ್ಕಿಲ್ಲ."

"ಎರಡು ಸಲ ಕೇಳಿ ಕಳಿಸಿದೆ" ಎಂದ ಬಲೂಚಿ. ಅವನ ದನಿಯಲ್ಲಿ ಕನಿಕರವಿತ್ತು. "ಎರಡು ಸಲವೂ ಅದನ್ನೇ ಹೇಳಿದಳು."

ಅಂಗಳದಲ್ಲಿ ಅವಳು ಇದೇ ಮಾತು ಹೇಳಿದಾಗ ಅದಕ್ಕೆ ಅವನ ಕೆಲಸ ಉಳಿಸುವ ಕಾರಣವಿತ್ತು. ಇಲ್ಲಿ ಉಳಿಸುವಂಥದ್ದು ಏನೂ ಇರಲಿಲ್ಲ. ಒಳಗಿರುವ ಹೆಂಗಸರಲ್ಲಿ ಚನಿಯ ಕೂಗಿದ ಮನೆಗಳವರೂ ಇದ್ದಾರು. ಅಕ್ಟೋಬರಿನಿಂದ ನಡೆದದ್ದನ್ನೆಲ್ಲ ಅವರು ಹೇಳಿರುತ್ತಾರೆ. ರಂಜಾನಿನ ಆ ಶುಕ್ರವಾರ ಅವನಿಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೂ ಎರಡು ಲೋಟ ಚಾ ಕುಡಿದು ಹೋಗಿದ್ದಾನೆ ಎಂದು ಅವಳಿಗೆ ಈಗ ತಿಳಿದಿದೆ. ಅದು ಹೊಳೆದಾಗ ಚನಿಯ ಪೊಟ್ಟಣವನ್ನು ಕಿಟಕಿಯ ಕಡೆಗೆ ತಳ್ಳಿದ.

"ಇದನ್ನಾದರೂ ಕೊಡಿ. ಸ್ವೆಟರ್. ಅವಳಿಗೆ ಚಳಿ ಆಗುತ್ತದೆ" ಎಂದ.

ಕಾವಲಿನವನು ಪೊಟ್ಟಣವನ್ನು ತಿರುಗಿಸಿ ನೋಡಿದ. "ನಿನ್ನ ಹೆಸರಿದ್ದರೆ ಅವಳು ತೆಗೆದುಕೊಳ್ಳುವುದಿಲ್ಲ. ಹೆಸರು ತೆಗೆದು ಕೊಡು. ಯಾರೋ ದಾನ ಕೊಟ್ಟದ್ದು ಅಂತ ಒಳಗೆ ಕಳಿಸುತ್ತೇನೆ."

ಚನಿಯ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟುಕೊಂಡು ಉಗುರಿನಿಂದ ಚೀಟಿಯನ್ನು ಕೆರೆಯತೊಡಗಿದ. ಬಿದ್ದುಹೋಗಬಾರದೆಂದು ಕೋಣೆಯಲ್ಲಿ ಗೋಂದನ್ನು ಧಾರಾಳವಾಗಿ ಹಚ್ಚಿದ್ದ, ಅದು ಬೇಗ ಬಿಡಲಿಲ್ಲ. ಹಿಂದೆ ಹೊಸದಾಗಿ ಬಂದು ನಿಂತವರು ಗೊಣಗಿದರೂ ಕಾವಲಿನವನು ಅವಸರ ಮಾಡಲಿಲ್ಲ. ಒಂದಕ್ಷರವೂ ಓದಲು ಸಿಗದ ಹಾಗೆ ಪೂರ್ತಿ ಕೆರೆದ ಮೇಲೆ ಚನಿಯ ಪೊಟ್ಟಣವನ್ನು ಕಿಟಕಿಯೊಳಗೆ ದಾಟಿಸಿದ.